ಹತ್ತಕ್ಕೆ ಹತ್ತು ಕೊಡದ ಭಾವ

ಅಮೆರಿಕದ ಮೂವರು ಬೇಸ್‌ಬಾಲ್ ಆಟಗಾರರು ಸತ್ತು ಎಷ್ಟೋ ಕಾಲವಾಯಿತು. ಅವರ ದೇಶದಲ್ಲಿ ಅವರಿಗೆ ಪ್ರತಿಮೆ ಇದೆಯೋ, ರಸ್ತೆಗೆ ಹೆಸರಿಟ್ಟಿದ್ದಾರೋ ನನಗೆ ತಿಳಿಯದು. ಆದರೆ ಅವರ ಆತ್ಮಕ್ಕೆ ಇನ್ನೂ ಶಾಂತಿ ಸಿಕ್ಕಿಲ್ಲ ಎಂಬುದು ಮಾತ್ರ ಖಂಡಿತ. ಕಾರಣ ನಮ್ಮ ಭಾವ! ಕುವೈತಿನ ಅಬು ಹಲೀಫಾದ ಮೂರನೇ ಮಾಳಿಗೆಯ ಫ್ಲ್ಯಾಟಿನಲ್ಲಿ ಕುಳಿತು, ಇಪ್ಪತ್ತು ವರ್ಷ ಕಾಲ ಅವರು ಈ ಮೂವರನ್ನು ಸಾಲಾಗಿ ನಿಲ್ಲಿಸಿಕೊಂಡು ವಿಚಾರಣೆ ನಡೆಸಿದರು. ಆಪಾದನೆ ಏನೂ ಇರಲಿಲ್ಲ. ಮೂವರಲ್ಲಿ ಎಲ್ಲ ಕೆಲಸಕ್ಕೂ ಸೈ ಎನಿಸಿಕೊಂಡವನು ಯಾರು ಎಂಬುದಷ್ಟೇ ಪ್ರಶ್ನೆ.

ಭಾವ ಬೇಸ್‌ಬಾಲ್ ಆಡಿದವರೇ? ಅಲ್ಲ. ಮೈದಾನಕ್ಕೆ ಹೋಗಿ ನೋಡಿದವರೇ? ಅದೂ ಅಲ್ಲ. ಹೋಗಲಿ, ಟೀವಿಯಲ್ಲಾದರೂ ನೋಡಬಹುದಲ್ಲ ಎಂದು ನಾನೊಮ್ಮೆ ಕೇಳಿದೆ.

"ಟೀವಿಯಲ್ಲಿ ಈಗಿನವರು ಆಡುವುದನ್ನು ತೋರಿಸ್ತಾರೆ ಮಾರಾಯ. ಈಗಿನವರದ್ದು ನನಗೆ ಎಂತಕ್ಕೆ?" ಎಂದರು. ಬದುಕಿರುವ ಆಟಗಾರರೆಂದರೆ ಅವರಿಗೆ ಅಷ್ಟಕ್ಕಷ್ಟೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಶುಐಬಾದ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಸ್ಟೋರಿನ ಫೋರ್‌ಮನ್. ಒಮ್ಮೆ ಅಲ್ಲಿ ಕೆಲಸಕ್ಕಿದ್ದ ಅಮೆರಿಕದ ಎಂಜಿನಿಯರೊಬ್ಬ ಊರಿಗೆ ಹಿಂದಿರುಗುವಾಗ ತನ್ನ ಸಾಮಾನನ್ನೆಲ್ಲ ಒಂದು ದೊಡ್ಡ ಪೆಟ್ಟಿಗೆಯಲ್ಲಿ ತುಂಬಿಸಿ, ಯಾರಿಗೆ ಬೇಕೋ ತೆಗೆದುಕೊಳ್ಳಿ ಎಂದು ಸ್ಟೋರಿನ ಬಾಗಿಲಲ್ಲಿಟ್ಟು ಹೋದನಂತೆ. ಒಬ್ಬ ಇಸ್ತ್ರಿಪೆಟ್ಟಿಗೆ ತೆಗೆದುಕೊಂಡ. ಒಬ್ಬ ಚಳಿಗಾಲದ ಜಾಕೆಟ್ಟು ತೆಗೆದುಕೊಂಡ. ಮತ್ತೊಬ್ಬ ನೀರು ಕಾಯಿಸುವ ಕೆಟ್ಲನ್ನು ಎದೆಗವಚಿಕೊಂಡು ಓಡಿದ. ಎಲ್ಲರೂ ಹೋದ ಮೇಲೆ ಪೆಟ್ಟಿಗೆಯ ತಳದಲ್ಲಿ ಉಳಿದದ್ದು ರಟ್ಟು ಕಿತ್ತುಹೋದ ಒಂದು ದಪ್ಪ ಪುಸ್ತಕ. ಆರಂಭದ ಕಾಲದ ಬೇಸ್‌ಬಾಲ್ ವೀರರ ಕಥೆಗಳು. ಅದನ್ನು ನಮ್ಮ ಭಾವ ತಂದರು. ಕೆಟ್ಲು ಬರಬಹುದಿತ್ತು ಎಂದು ಅಕ್ಕ ಇಂದಿಗೂ ಹೇಳುವುದುಂಟು.

ಆ ಪುಸ್ತಕವನ್ನು ಭಾವ ಎಷ್ಟು ಸಲ ಓದಿದರೋ ಲೆಕ್ಕವಿಲ್ಲ. ಓದಿ ಮುಗಿಸಿ ಅವರು ಮಾಡಿದ ಮೊದಲ ಕೆಲಸವೆಂದರೆ, ಸ್ಟೋರಿನ ಡಬ್ಬಿಗಳಿಗೆ ಅಂಟಿಸುವ ಬಿಳಿ ಚೀಟಿಗಳನ್ನು ತಂದು ಪುಸ್ತಕದಲ್ಲಿದ್ದ ಆಟಗಾರರ ಹೆಸರುಗಳ ಮೇಲೆಲ್ಲ ಅಂಟಿಸಿದ್ದು! ಪರೀಕ್ಷೆಯ ಉತ್ತರಪತ್ರಿಕೆಯ ಮೇಲೆ ಹುಡುಗರ ಹೆಸರಿರುತ್ತದೆಯೇ, ನಂಬರು ಮಾತ್ರ ಇರುವುದಲ್ಲವೇ ಎಂಬುದು ಅವರ ವಾದ. ಹೆಸರು ಕಣ್ಣಿಗೆ ಬಿದ್ದರೆ ಪಕ್ಷಪಾತ ಬರುತ್ತದಂತೆ. ನಂಬರು ನೆನಪಿಡುವುದು ಕಷ್ಟವಾದದ್ದರಿಂದ ಅವರೇ ಅಡ್ಡಹೆಸರು ಕೊಟ್ಟರು. ಕಾಲು ಬಿಲ್ಲಿನಂತೆ ಬಾಗಿದ್ದವನು ಬಿಲ್ಲುಗಾಲಿನವ. ತಳದಲ್ಲಿ ಮೊಳೆಯಿದ್ದ ಬೂಟು ಹಾಕಿಕೊಂಡು, ಅಡ್ಡ ಬಂದವರ ಮೊಣಕಾಲು ನೋಡದೆ ಓಡುತ್ತಿದ್ದವನು ಮೊಳೆಬೂಟಿನವ. ಹೊಟ್ಟೆ ಮುಂದಿದ್ದು, ಚೆಂಡನ್ನು ಊರಾಚೆಗೆ ಹೊಡೆಯುತ್ತಿದ್ದವನು ಗುಂಡಣ್ಣ. ಈ ಹೆಸರುಗಳಲ್ಲಿ ಪಕ್ಷಪಾತವಿಲ್ಲ ಎಂದು ಭಾವ ನಂಬಿದ್ದರು. ಗುಂಡಣ್ಣನನ್ನು ಕೇಳಿದರೆ ಅವನೇನು ಹೇಳುತ್ತಿದ್ದನೋ!

ನಮ್ಮ ಮನೆಮಾತು ತುಳು. ಊಟ, ಜಗಳ, ಫೋನು ಎಲ್ಲವೂ ತುಳುವಿನಲ್ಲೇ. ಬೇಸ್‌ಬಾಲಿನ ವಿಷಯ ಬಂದರೆ ಮಾತ್ರ ಭಾವ ಗಂಟಲು ಸರಿಮಾಡಿಕೊಂಡು ಕನ್ನಡಕ್ಕೆ ಬದಲಾಗುತ್ತಿದ್ದರು. ಶಾಲೆಯಲ್ಲಿ ಮೇಷ್ಟರು ಅಂಕ ಕೊಟ್ಟದ್ದು ಕನ್ನಡದಲ್ಲಿ, ಆದ್ದರಿಂದ ಅಂಕ ಕೊಡುವ ಭಾಷೆ ಕನ್ನಡ ಎಂಬುದು ಅವರ ಸಿದ್ಧಾಂತ. ಹೀಗಾಗಿ ಭಾವ ಇದ್ದಕ್ಕಿದ್ದಂತೆ ಕನ್ನಡ ಮಾತಾಡತೊಡಗಿದರೆ ಮನೆಯವರೆಲ್ಲ ಏನೋ ನೆಪ ಹೇಳಿ ಎದ್ದುಹೋಗುವುದು ರೂಢಿಯಾಗಿತ್ತು. ಅವರ ಮಗಳಂತೂ "ಪಪ್ಪಾ, ನಾಟ್ ಅಗೇನ್!" ಎಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಸಿಕ್ಕಿಬೀಳುತ್ತಿದ್ದವನು ನಾನೊಬ್ಬನೇ. ಫರ್ವಾನಿಯಾದಿಂದ ಬಸ್ಸು ಹತ್ತಿ ಶುಕ್ರವಾರದ ಊಟಕ್ಕೆ ಬಂದವನು ಊಟ ಮುಗಿಯದೆ ಎಲ್ಲಿಗೆ ಏಳುವುದು?

ಒಂದು ದಿನ ಅವರು ನನಗೆ ಆಟದ ನಿಯಮ ವಿವರಿಸುತ್ತಿದ್ದರು. ಮೇಜಿನ ಮೇಲೆ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ, ಸಾರುಗಳ ಪಾತ್ರೆಗಳನ್ನು ಚೌಕವಾಗಿ ಇಟ್ಟರು. "ನೋಡು, ನಾಲ್ಕು ಮನೆ. ಸಾರಿನಿಂದ ಹೊರಡಬೇಕು. ಉಪ್ಪಿನಕಾಯಿ ಮುಟ್ಟಬೇಕು, ಹಪ್ಪಳ ಮುಟ್ಟಬೇಕು, ಮಜ್ಜಿಗೆ ಮುಟ್ಟಬೇಕು, ತಿರುಗಿ ಸಾರಿಗೆ ಬರಬೇಕು. ಬಂದರೆ ಒಂದು ಓಟ."

ಅಕ್ಕ ಸೌಟು ಹಿಡಿದು ನಿಂತು ಕೇಳಿಸಿಕೊಂಡಳು. "ಅಲ್ಲ, ಅಷ್ಟೆಲ್ಲ ಓಡಿ ಕೊನೆಗೆ ಹೊರಟಲ್ಲಿಗೇ ಬರುವುದಾದರೆ ಹೋದದ್ದು ಯಾಕೆ?"

ಭಾವ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ನಾವು ಗಲ್ಫಿಗೆ ಬಂದದ್ದು ಯಾಕೆ?"

ಅಕ್ಕ ಸಾರಿನ ಪಾತ್ರೆ ಎತ್ತಿಕೊಂಡು ಹೋದಳು. ಆಟ ಅಲ್ಲಿಗೆ ನಿಂತಿತು.

ಈಗ ಹೋಲಿಕೆಯ ಕ್ರಮವನ್ನು ಹೇಳಬೇಕು. ಆಟಗಾರನಿಗೆ ಐದು ವಿದ್ಯೆ ಬರಬೇಕು: ಹೊಡೆತ, ದೂರದ ಹೊಡೆತ, ಓಟ, ಹಿಡಿತ, ಎಸೆತ. ಭಾವ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಐದು ಖಾನೆ ಎಳೆದು, ಒಬ್ಬೊಬ್ಬನಿಗೂ ಒಂದೊಂದಕ್ಕೆ ಹತ್ತರಲ್ಲಿ ಅಂಕ ಬರೆಯುತ್ತಿದ್ದರು, ಅಳಿಸುತ್ತಿದ್ದರು, ಮತ್ತೆ ಬರೆಯುತ್ತಿದ್ದರು. ಗುಂಡಣ್ಣನಿಗೆ ದೂರದ ಹೊಡೆತದಲ್ಲಿ ಒಂಬತ್ತೂವರೆ. ಆದರೆ ಬಿಲ್ಲುಗಾಲಿನವ ಆಡುತ್ತಿದ್ದ ಕಾಲದಲ್ಲಿ ಒಂದೇ ಚೆಂಡನ್ನು ಕೊಳೆಯಾಗಿ ಮೆತ್ತಗಾಗುವವರೆಗೆ ಬಳಸುತ್ತಿದ್ದರಂತೆ. ಆ ಚೆಂಡು ಎಷ್ಟು ಹೊಡೆದರೂ ದೂರ ಹೋಗದು. ಗುಂಡಣ್ಣನಿಗೆ ಸಿಕ್ಕಿದ್ದು ಹೊಸ, ಗಟ್ಟಿ ಚೆಂಡು.

"ಅಕ್ಕಿಯೇ ಬೇರೆ ಆದ ಮೇಲೆ ಅನ್ನವನ್ನು ಹೇಗೆ ಹೋಲಿಸುವುದು, ಹೇಳು?" ಎಂದು ಭಾವ ನಿಜವಾದ ಸಂಕಟದಿಂದ ಕೇಳುತ್ತಿದ್ದರು. ಹಿಡಿತದ್ದೂ ಅದೇ ಗೋಳು. ಆ ಕಾಲದವರ ಕೈಗವಸೆಂದರೆ ಅಕ್ಕ ಬಿಸಿ ಪಾತ್ರೆ ಇಳಿಸುವ ಬಟ್ಟೆಯಷ್ಟೇ ದಪ್ಪ. ಅದನ್ನು ಹಾಕಿಕೊಂಡು ಹಿಡಿದ ಒಂದು ಕ್ಯಾಚು ಇಂದಿನ ಎಷ್ಟು ಕ್ಯಾಚಿಗೆ ಸಮ? ಇಂಥ ಪ್ರಶ್ನೆಗಳನ್ನು ಇಟ್ಟುಕೊಂಡು ಒಬ್ಬ ಮನುಷ್ಯ ಬೆಳಗ್ಗೆ ಐದೂವರೆಗೆ ಕಂಪನಿ ಬಸ್ಸು ಹತ್ತುತ್ತಿದ್ದ ಎಂದರೆ ನೀವು ನಂಬಬೇಕು.

ಒಂದು ನಿಯಮ ಮಾತ್ರ ಅಳಿಸುವಂತಿರಲಿಲ್ಲ. ಹತ್ತಕ್ಕೆ ಹತ್ತು ಯಾರಿಗೂ ಇಲ್ಲ! "ಹತ್ತು ಕೊಟ್ಟರೆ ಮತ್ತೆ ಅವನಿಗೆ ಮಾಡಲಿಕ್ಕೆ ಎಂತ ಉಂಟು?" ಎನ್ನುತ್ತಿದ್ದರು. ಒಂಬತ್ತೂವರೆಯೇ ಸ್ವರ್ಗದ ಕೊನೆಯ ಮೆಟ್ಟಿಲು.

ಇದು ಸತ್ತವರಿಗೇ ಸೀಮಿತವಾಗಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ನೋಟ್‌ಬುಕ್ಕಿನ ಹಿಂಭಾಗದಲ್ಲಿ ಭಾವ ಬದುಕಿದ್ದವರಿಗೂ ಖಾನೆ ಎಳೆದಿದ್ದರು. ಹನ್ನೊಂದು ವರ್ಷದ ಹಿಂದೆ ನಾನು ಕೆಲಸಕ್ಕೆಂದು ಕುವೈತಿಗೆ ಬಂದಿಳಿದ ದಿನ, ಸ್ನಾನ ಮಾಡಿ ಊಟಕ್ಕೆ ಕುಳಿತಿದ್ದೆ. ಕೋಣೆಯ ಆ ತುದಿಯಿಂದ "ಹಿಡಿ!" ಎಂಬ ಕೂಗು ಕೇಳಿಸಿತು. ತಲೆ ಎತ್ತುವಷ್ಟರಲ್ಲಿ ಒಂದು ಖುಬ್ಬೂಸ್ ರೊಟ್ಟಿ ತಿರುಗುತ್ತ ಬಂದು ನನ್ನ ಮುಖಕ್ಕೆ ಅಂಟಿತು. ಭಾವ ನೋಟ್‌ಬುಕ್ಕು ತೆಗೆದು ಬರೆದರು. ಹಿಡಿತ: ಎರಡು. ವಿದೇಶದಲ್ಲಿ ನನಗೆ ಸಿಕ್ಕಿದ ಮೊದಲ ಸ್ವಾಗತ ಅದು.

ಅಂದಿನಿಂದ ಆ ಮನೆಯಲ್ಲಿ ಯಾವ ವಸ್ತುವೂ ನಡೆದು ಬಂದದ್ದಿಲ್ಲ, ಹಾರಿ ಬಂದದ್ದೇ. ಕಿತ್ತಳೆ, ಟವೆಲು, ಟೀವಿಯ ರಿಮೋಟು, ಮೊಟ್ಟೆ. ಹೌದು, ಮೊಟ್ಟೆ! ಬೇಯಿಸಿದ್ದಾಗಿದ್ದರೆ ನಾನು ಅಷ್ಟು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಕನ್ನಡ ಸಂಘದ ಹಿರಿಯರೊಬ್ಬರು ಕಾರ್ಯಕ್ರಮಕ್ಕೆ ಕರೆಯಲು ಬಿಳಿ ಅಂಗಿ ಹಾಕಿಕೊಂಡು ಬಂದಿದ್ದಾಗ ಹಣ್ಣಾದ ಟೊಮೇಟೊ ಹಾರಿತು. ಅವರು ಎರಡು ಕೈ ಚಾಚಿದರು, ಟೊಮೇಟೊ ಎರಡು ಕೈಗಳ ನಡುವೆ ಹಾದು ಎದೆ ಸೇರಿತು. "ಪ್ರಯತ್ನ ಚೆನ್ನಾಗಿತ್ತು" ಎಂದು ಭಾವ ಗಂಭೀರವಾಗಿ ಹೇಳಿ ಮೂರು ಅಂಕ ಕೊಟ್ಟರು. ಆ ವರ್ಷ ನಮ್ಮ ಮನೆಗೆ ಆಮಂತ್ರಣ ಪತ್ರಿಕೆ ಬರಲಿಲ್ಲ.

ಇಡೀ ಕುಟುಂಬದಲ್ಲಿ ಒಂಬತ್ತೂವರೆ ದೊರೆತದ್ದು ಅಕ್ಕನಿಗೆ ಮಾತ್ರ, ಅದೂ ಎಸೆತದಲ್ಲಿ. ಮೊಟ್ಟೆಯ ಪ್ರಕರಣವಾದ ದಿನ ಅವಳು ಅಡುಗೆಮನೆಯಿಂದ ಬೀಸಿದ ಸೌಟು ಗುರಿ ತಪ್ಪಿರಲಿಲ್ಲ. ಹಣೆಯ ಮೇಲೆ ಎದ್ದ ಗಡ್ಡೆಯನ್ನು ಎಡಗೈಯಲ್ಲಿ ಒತ್ತಿಕೊಂಡು ಭಾವ ಬಲಗೈಯಲ್ಲಿ ಅಂಕ ಬರೆದರು. ನ್ಯಾಯವೆಂದರೆ ನ್ಯಾಯ!

ಒಂದು ಚಳಿಗಾಲ ಸಮುದ್ರದ ದಂಡೆಯ ಪಿಕ್ನಿಕ್ಕಿನಲ್ಲಿ ಎರಡು ತಂಡ ಮಾಡಿ ಕ್ರಿಕೆಟ್ ಆಡುವುದೆಂದಾಯಿತು. ನಮ್ಮ ತಂಡ ಆರಿಸುವ ಕೆಲಸ ಭಾವನದ್ದು. ಚೆನ್ನಾಗಿ ಬ್ಯಾಟ್ ಮಾಡುವ ಇಬ್ಬರನ್ನು ಅವರು ಕೈಬಿಟ್ಟರು. ಅವರಿಗೆ ಒಂದೇ ವಿದ್ಯೆ ಬರುವುದಂತೆ. ಬದಲಿಗೆ ಬೆನ್ನುನೋವಿನ ಅಡುಗೆಭಟ್ಟರೊಬ್ಬರನ್ನು, ದಪ್ಪ ಕನ್ನಡಕದ ಬ್ಯಾಂಕ್ ಗುಮಾಸ್ತರೊಬ್ಬರನ್ನು ಸೇರಿಸಿಕೊಂಡರು. ಇವರಿಗೆ ಐದೂ ವಿದ್ಯೆಗಳು ಸ್ವಲ್ಪಸ್ವಲ್ಪ ಬರುತ್ತಿದ್ದವಂತೆ! ನಾವು ಎಷ್ಟು ಬೇಗ ಸೋತೆವೆಂದರೆ, ಇಡ್ಲಿ ಇನ್ನೂ ಬಿಸಿಯಾಗಿತ್ತು. ನಾನು ಭಾವನನ್ನು ತರಾಟೆಗೆ ತೆಗೆದುಕೊಂಡೆ.

"ಸೋತದ್ದು ತಂಡ" ಎಂದರು ಭಾವ, ಇಡ್ಲಿ ಮುರಿಯುತ್ತ. "ನನ್ನ ಹೋಲಿಕೆ ಸೋಲಲಿಲ್ಲ."

ಇಷ್ಟೆಲ್ಲ ಆದರೂ ಮೂಲ ಮೊಕದ್ದಮೆಯ ತೀರ್ಪು ಬರಲೇ ಇಲ್ಲ. ವರ್ಷ ವರ್ಷವೂ ನಾನು ಕೇಳುತ್ತಿದ್ದೆ. ಬಿಲ್ಲುಗಾಲಿನವನೋ ಮೊಳೆಬೂಟಿನವನೋ ಗುಂಡಣ್ಣನೋ? ಒಂದು ವರ್ಷ ಬಿಲ್ಲುಗಾಲಿನವ ಅರ್ಧ ಅಂಕ ಮುಂದಿರುತ್ತಿದ್ದ. ಮರುವರ್ಷ ಗುಂಡಣ್ಣ ಮೊದಲು ಚೆಂಡು ಎಸೆಯುವವನಾಗಿಯೇ ಆಟಕ್ಕೆ ಬಂದವನೆಂದು ನೆನಪಾಗಿ ಅವನ ಎಸೆತಕ್ಕೆ ಅಂಕ ಏರುತ್ತಿತ್ತು. ಕೊನೆಗೊಂದು ದಿನ ನನಗೆ ತಾಳ್ಮೆ ತಪ್ಪಿತು. "ಇಪ್ಪತ್ತು ವರ್ಷ ಆಯ್ತು ಭಾವ, ಒಬ್ಬನ ಹೆಸರು ಹೇಳಲಿಕ್ಕೆ ನಿಮಗೆ ಎಂತ ಕಷ್ಟ?"

"ಮೊದಲನೆಯವ ಯಾರು ಅಂತ ಹೇಳಿದರೆ ಮೂರನೆಯವ ಯಾರು ಅಂತಲೂ ಹೇಳಿದ ಹಾಗೆ ಆಯ್ತಲ್ಲ ಮಾರಾಯ."

"ಹೇಳಿದರೆ ಎಂತ? ಅವರು ಯಾವಾಗಲೋ ಸತ್ತಿದ್ದಾರೆ. ಬೇಜಾರು ಮಾಡಿಕೊಳ್ತಾರಾ?"

"ನಾನು ಸತ್ತಿಲ್ಲವಲ್ಲ" ಎಂದು ಭಾವ ನೋಟ್‌ಬುಕ್ಕಿಗೆ ರಬ್ಬರ್ ಬ್ಯಾಂಡು ಹಾಕಿದರು.

ನಾನು ಈ ಮಾತನ್ನು ಆಫೀಸಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ನಗಿಸಿದ್ದಕ್ಕೆ ಈಗ ನನಗೆ ನಾಚಿಕೆಯಾಗುತ್ತದೆ.

ಕಳೆದ ಚಳಿಗಾಲದ ಒಂದು ಶುಕ್ರವಾರ ಭಾವನ ಸ್ಟೋರಿನ ಕೆಲಸಗಾರನೊಬ್ಬ ಮನೆಗೆ ಬಂದ. ಬಾಗಲಕೋಟೆ ಕಡೆಯವನು. ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಯ ಡಬ್ಬಿ ತಂದಿದ್ದ. ಭಾವ ಸಂತೆಗೆ ಹೋಗಿದ್ದರು. ಅವರಿಲ್ಲವೆಂದು ತಿಳಿದು ಅವನಿಗೆ ನಿರಾಳವಾದಂತೆ ಕಂಡಿತು. ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತ.

"ಅಣ್ಣಾರ, ನಿಮಗ ಹೇಳಬೇಕೋ ಬ್ಯಾಡೋ ಗೊತ್ತಿಲ್ರಿ" ಎಂದು ಶುರುಮಾಡಿದ. "ನಮ್ಮ ಸ್ಟೋರಿನ್ಯಾಗ ಒಂದ್ ಮಂದಿ ಕಡಿಮಿ ಮಾಡ್ತಾರಂತ್ರಿ. ನಾವು ಮೂರು ಮಂದಿ ಅದೀವಿ. ನಾನು, ಆಂಧ್ರದಾಂವ, ಬಾಂಗ್ಲಾ ಭಾಯಿ. ಮ್ಯಾನೇಜರ ನಿಮ್ಮ ಭಾವನವರ ಕೈಯಾಗ ಒಂದ್ ಫಾರ್ಮ್ ಕೊಟ್ಟಾರ್ರಿ. ಯಾರಿಗೆ ಮಾರ್ಕ್ಸ್ ಕಡಿಮಿ ಬರ್ತೈತಿ, ಅವ್ರು ಊರಿಗೆ."

ಅವನ ಹೆಂಡತಿ ಮತ್ತು ಸಣ್ಣ ಮಗಳು ಕುವೈತಿಗೆ ಬಂದು ಮೂರು ತಿಂಗಳೂ ಆಗಿರಲಿಲ್ಲ. ಫರ್ವಾನಿಯಾದಲ್ಲಿ ನಮ್ಮ ಬೀದಿಯಲ್ಲೇ ಒಂದು ಕೋಣೆಯ ಫ್ಲ್ಯಾಟು ಹಿಡಿದಿದ್ದ. ಆ ಮಗುವಿಗೆ ಶಾಲೆ ಹುಡುಕಿಕೊಟ್ಟವನು ನಾನೇ.

"ಸರ ಭಾಳ ನ್ಯಾಯದ ಮನಷ್ಯಾ ಅದಾರ್ರಿ" ಎಂದ ಅವನು, ಎದ್ದು ನಿಂತು. "ಅದಕ್ಕ ಹೆದ್ರಿಕಿ ಬರಾಕತ್ತೈತ್ರಿ."

ಅವನು ಹೋದ ಮೇಲೆ ಭಾವ ಬಂದರು. ನಾನು ಅವರೆದುರು ಕುಳಿತು ನೇರವಾಗಿಯೇ ಹೇಳಿದೆ. ಅವನು ನಮ್ಮ ಕನ್ನಡದವನು, ಸಣ್ಣ ಮಗು ಇದೆ, ನೀವು ಒಂದು ಅಂಕ ಹೆಚ್ಚು ಕೊಟ್ಟರೆ ಆಕಾಶ ಬೀಳುವುದಿಲ್ಲ ಎಂದೆ. ಹನ್ನೊಂದು ವರ್ಷದಲ್ಲಿ ಭಾವ ನನ್ನ ಮೇಲೆ ಸಿಟ್ಟು ಮಾಡಿದ್ದು ಅಂದು ಮಾತ್ರ.

"ಬಾಂಗ್ಲಾ ಭಾಯಿಯ ಮನೆಯಲ್ಲಿ ಏಳು ಜನ ಅವನ ದಾರಿ ಕಾಯ್ತಾರೆ, ಗೊತ್ತುಂಟಾ ನಿನಗೆ? ಆಂಧ್ರದವನ ಅಮ್ಮನಿಗೆ ಪ್ರತಿ ವಾರ ಆಸ್ಪತ್ರೆ. ಅವರ ಪರವಾಗಿ ರೊಟ್ಟಿ ಹಿಡಿದುಕೊಂಡು ಬರಲಿಕ್ಕೆ ಯಾರಿದ್ದಾರೆ? ಹೆಸರಿಗೆ ಚೀಟಿ ಅಂಟಿಸುವುದು ಯಾಕೆ ಅಂತ ಈಗಲಾದರೂ ತಿಳ್ಕೊ."

ಆ ತಿಂಗಳು ಭಾವ ನಮಗೆ ಗುರುತು ಸಿಗದಂತಾದರು. ಸಂಜೆ ಕಂಪನಿ ಬಸ್ಸಿಳಿದು ಬಂದವರು ಚಹಾ ಕುಡಿದು, ಫಾರ್ಮು ಒಂದು ಕಡೆ, ನೋಟ್‌ಬುಕ್ಕು ಒಂದು ಕಡೆ ಇಟ್ಟುಕೊಂಡು ಕುಳಿತುಬಿಡುತ್ತಿದ್ದರು. ಬರೆಯುವುದು, ಅಳಿಸುವುದು. ಅಳಿಸಿದ ರಬ್ಬರಿನ ಪುಡಿಯನ್ನು ಅಕ್ಕ ದಿನವೂ ಗುಡಿಸಿ ತೆಗೆಯುತ್ತಿದ್ದಳು. ಬಿಲ್ಲುಗಾಲಿನವನ ಸುದ್ದಿ ಇಲ್ಲ, ಗುಂಡಣ್ಣನ ಸುದ್ದಿ ಇಲ್ಲ. ಅದಕ್ಕಿಂತ ಆಶ್ಚರ್ಯವೆಂದರೆ, ಖುಬ್ಬೂಸು ಹಾರಿ ಬರುತ್ತಿರಲಿಲ್ಲ! ಭಾವ ಎದ್ದು ಬಂದು ಎಲ್ಲರಂತೆ ತಟ್ಟೆಯಲ್ಲಿ ಇಡುತ್ತಿದ್ದರು. ಯೋಚಿಸಿ ನೋಡಿದರೆ, ಮನೆಯಲ್ಲಿ ವಸ್ತುಗಳು ಹಾರುವುದು ನಿಂತು ಅದಾಗಲೇ ಕೆಲವು ತಿಂಗಳಾಗಿತ್ತು. ವಯಸ್ಸು ಐವತ್ತೆಂಟಾಯಿತು, ಕೊನೆಗೂ ಬುದ್ಧಿ ಬಂತು ಎಂದು ನಾನು ಅಕ್ಕನಿಗೆ ಹೇಳಿದೆ. ಅವಳು ನಗಲಿಲ್ಲ.

ತಿಂಗಳ ಕೊನೆಗೆ ಫಾರ್ಮು ಹೋಯಿತು. ಮರುವಾರ ಪತ್ರ ಬಂತು. ಕೆಲಸ ಹೋದದ್ದು ಬಾಗಲಕೋಟೆಯವನದ್ದಲ್ಲ, ಆಂಧ್ರದವನದ್ದಲ್ಲ, ಬಾಂಗ್ಲಾ ಭಾಯಿಯದ್ದೂ ಅಲ್ಲ. ಭಾವನದ್ದು!

ನಾನು ಕೆಂಡಾಮಂಡಲವಾದೆ. ಇಪ್ಪತ್ತೆಂಟು ವರ್ಷ ದುಡಿದವರಿಗೆ ಹೀಗಾ? ಅಂಕ ಹಾಕುವ ಕೆಲಸ ಮಾಡಿಸಿಕೊಂಡು ಅಂಕ ಹಾಕಿದವರನ್ನೇ ಕಳಿಸುವುದಾ? ಯಾರಿಗಾದರೂ ದೂರು ಕೊಡೋಣ, ವಕೀಲರನ್ನು ನೋಡೋಣ ಎಂದು ಕೂಗಾಡಿದೆ. ಭಾವ ಕಿತ್ತಳೆ ಸುಲಿಯುತ್ತ ಕೇಳಿಸಿಕೊಂಡರು.

"ಖಲಾಸ್ ಮಾರಾಯ. ಮಗಳ ಹನ್ನೆರಡನೆಯ ಪರೀಕ್ಷೆ ಮುಗಿಯುವವರೆಗೆ ಇಲ್ಲಿ ಉಳಿಯಲಿಕ್ಕೆ ಇಕಾಮಾ ಇರ್ತದೆ. ಅಷ್ಟು ಸಾಕು" ಎಂದು ಕಿತ್ತಳೆಯ ಒಂದು ತೊಳೆಯನ್ನು ನನ್ನ ಅಂಗೈಯಲ್ಲಿಟ್ಟರು.

ಮಗಳ ಪರೀಕ್ಷೆ ಮುಗಿದ ವಾರ ಅಕ್ಕ ಸಾಮಾನು ಕಟ್ಟುತ್ತಿದ್ದಳು. ನಾನು ರಜೆ ಹಾಕಿ ಸಹಾಯಕ್ಕೆ ಹೋಗಿದ್ದೆ. ಭಾವ ಕಂಪನಿಗೆ ಕೊನೆಯ ಕಾಗದಪತ್ರಗಳಿಗೆ ಸಹಿ ಹಾಕಲು ಹೋಗಿದ್ದರು. ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುವಾಗ ನೋಟ್‌ಬುಕ್ಕು ಕೈಗೆ ಬಂತು. ಇಷ್ಟು ವರ್ಷದಲ್ಲಿ ಅದನ್ನು ನಾನಾಗಿ ತೆರೆದವನೇ ಅಲ್ಲ. ರಬ್ಬರ್ ಬ್ಯಾಂಡು ತೆಗೆದಾಗ ಅದು ತಾನಾಗಿ ಹೆಚ್ಚು ಅಳಿಸಿ ತೆಳುವಾಗಿದ್ದ ಪುಟದಲ್ಲೇ ತೆರೆದುಕೊಂಡಿತು.

ಹೆಸರುಗಳಿರಲಿಲ್ಲ. ಒಂದು, ಎರಡು, ಮೂರು, ನಾಲ್ಕು ಎಂದು ನಾಲ್ಕು ಸಾಲು. ಅದೇ ಐದು ಖಾನೆಗಳು. ಖಾನೆಗಳ ತಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಸ್ಟೋರಿನ ಕೆಲಸಗಳನ್ನು ಹೊಂದಿಸಿ ಬರೆದಿದ್ದರು. ಹೊಡೆತವೆಂದರೆ ಬೇಕಾದ ಬಿಡಿಭಾಗವನ್ನು ಒಂದೇ ನೋಟಕ್ಕೆ ಗುರುತಿಸುವುದು. ದೂರದ ಹೊಡೆತವೆಂದರೆ ಭಾರ ಎತ್ತುವುದು. ಓಟವೆಂದರೆ ಕೇಳಿದ ಕೂಡಲೇ ತಲುಪಿಸುವುದು. ಹಿಡಿತವೆಂದರೆ ಏನನ್ನೂ ಕಳೆಯದಿರುವುದು. ಎಸೆತವೆಂದರೆ ಮೇಲಿನ ಅಟ್ಟಣಿಗೆಯಿಂದ ಇಳಿಸಿ ಕೆಳಗಿನವನ ಕೈಗೆ ಕೊಡುವುದು. ಮೊದಲ ಮೂರು ಸಾಲುಗಳಲ್ಲಿ ಏಳು, ಎಂಟು, ಎಂಟೂವರೆಗಳು. ಮೂವರ ಮೊತ್ತಗಳ ನಡುವೆ ಅರ್ಧ ಅಂಕದ ಅಂತರವೂ ಇರಲಿಲ್ಲ. ನಾಲ್ಕನೆಯ ಸಾಲಿನಲ್ಲಿ ಹೊಡೆತ ಒಂಬತ್ತು, ಹಿಡಿತ ಒಂಬತ್ತು. ದೂರದ ಹೊಡೆತ ಒಂದು. ಓಟ ಎರಡು. ಎಸೆತ ಸೊನ್ನೆ.

ಸ್ಟೋರಿನಲ್ಲಿ ಇದ್ದ ಕೆಲಸಗಾರರು ಮೂವರೇ ಅಲ್ಲವೇ? ನಾಲ್ಕನೆಯವನು ಯಾರು?

ನಾನು ಅಕ್ಕನ ಮುಖ ನೋಡಿದೆ. ಅವಳು ಮಡಚುತ್ತಿದ್ದ ಸೀರೆಯನ್ನು ಕೆಳಗಿಡಲಿಲ್ಲ.

"ಅವರ ಬಲಭುಜ ಏಳುವುದಿಲ್ಲ ಮಾರಾಯ. ಕಳೆದ ಮಳೆಗಾಲ ಊರಿಗೆ ಹೋಗಿ ಬಂದ ಮೇಲೆ ಶುರುವಾದದ್ದು. ಬೆಳಿಗ್ಗೆ ಅಂಗಿಯ ಗುಂಡಿ ಹಾಕುವುದು ನಾನು, ತಲೆ ಬಾಚುವುದು ನಾನು. ನಿನಗೆ ಹೇಳಬಾರದು ಅಂತ ಆಣೆ ಹಾಕಿಸಿದ್ರು."

"ಫಾರ್ಮಿನಲ್ಲಿ ಮೂರು ಜನರ ಹೆಸರಲ್ವಾ ಇದ್ದದ್ದು?"

"ಮ್ಯಾನೇಜರೂ ಅದನ್ನೇ ಕೇಳಿದರಂತೆ. ಹೋಲಿಕೆ ಅಂದ ಮೇಲೆ ತಂಡದವರೆಲ್ಲ ಇರಬೇಕು, ನಾಯಕನನ್ನು ಬಿಟ್ಟು ಹೋಲಿಸಿದರೆ ಅದು ಮೋಸ ಅಂತ ಹೇಳಿ ಇವರೇ ಕೆಳಗೆ ಒಂದು ಗೆರೆ ಎಳೆದುಕೊಟ್ಟರಂತೆ."

"ನೀನಾದರೂ ತಡೆಯಬಾರದಿತ್ತಾ ಅಕ್ಕ?"

ಅಕ್ಕ ಸೀರೆಯನ್ನು ಪೆಟ್ಟಿಗೆಯಲ್ಲಿಟ್ಟು ಅಂಗೈಯಿಂದ ಒತ್ತಿದಳು. "ಅಂಕ ತಪ್ಪಿದ್ದರೆ ತಡೆಯುತ್ತಿದ್ದೆ" ಎಂದಳು.

ನಾನು ಆ ದಿನ ಅವಳೆದುರು ಅತ್ತೆ. ಹನ್ನೊಂದು ವರ್ಷ ನಾನು ಈ ಮನುಷ್ಯನನ್ನು ಕಥೆ ಮಾಡಿ ಹೇಳಿಕೊಂಡು ತಿರುಗಿದ್ದೆ. ಸತ್ತವನೊಬ್ಬನನ್ನೂ ಮೂರನೆಯವನೆಂದು ಕರೆಯಲು ಮನಸ್ಸು ಬಾರದವರು ಬದುಕಿದ್ದವರಲ್ಲಿ ಕೊನೆಯವನು ಯಾರೆಂದು ಬರೆದು ಸಹಿ ಹಾಕಬೇಕಾಯಿತು. ಬರೆದರು, ಸರಿಯಾಗಿಯೇ ಬರೆದರು. ನಾನಾಗಿದ್ದರೆ ನನ್ನ ಎಸೆತಕ್ಕೆ ನಾಲ್ಕಾದರೂ ಹಾಕಿಕೊಳ್ಳುತ್ತಿದ್ದೆ.

ಹೊರಡುವ ದಿನ ವಿಮಾನ ನಿಲ್ದಾಣಕ್ಕೆ ಸ್ಟೋರಿನ ಮೂವರೂ ಬಂದಿದ್ದರು. ಫಾರ್ಮಿನ ಅಂಕಗಳ ಸುದ್ದಿ ಅವರಿಗೂ ಮುಟ್ಟಿತ್ತು. ಆಂಧ್ರದವನು ಟ್ರಾಲಿ ತಳ್ಳಿದ, ಬಾಂಗ್ಲಾ ಭಾಯಿ ಭಾವನ ಕೈಚೀಲವನ್ನು ಯಾರಿಗೂ ಕೊಡಲೊಪ್ಪಲಿಲ್ಲ. ಬಾಗಲಕೋಟೆಯವನು ಭಾವನ ಕಾಲು ಮುಟ್ಟಲು ಬಗ್ಗಿದಾಗ ಭಾವ ಹಿಂದಕ್ಕೆ ಸರಿದರು.

"ಸರ, ಆ ಸೊನ್ನಿ ನನಗರ ಹಾಕಬೇಕಿತ್ರಿ" ಎಂದ ಅವನು.

"ನಿನ್ನ ಎಸೆತ ಎಂಟು. ಎಂಟಕ್ಕೆ ಸೊನ್ನೆ ಹೇಗೆ ಹಾಕುವುದು? ಯಲ್ಲಾ, ಹೊರಡಿ, ಡ್ಯೂಟಿಗೆ ಹೊತ್ತಾಯ್ತು."

ಅಕ್ಕ, ಮಗಳು ಒಳಹೋಗುವ ಬಾಗಿಲ ಬಳಿ ನಿಂತಿದ್ದರು. ಭಾವ ಕೈಚೀಲ ಈಸಿಕೊಂಡು ಅದರಿಂದ ನೋಟ್‌ಬುಕ್ಕು ತೆಗೆದರು. "ಇದು ನಿನ್ನ ಹತ್ತಿರ ಇರಲಿ. ಬಿಲ್ಲುಗಾಲಿನವನ ಓಟವನ್ನು ಇನ್ನೊಂದು ಸಲ ನೋಡಬೇಕು ಅಂತ ನನಗೆ ಉಂಟು. ನಿನಗೆ ಸಮಯ ಇದ್ದರೆ ನೋಡು" ಎಂದು ನನ್ನತ್ತ ಎಡಗೈ ಚಾಚಿದರು, ತಟ್ಟೆಯಲ್ಲಿ ಖುಬ್ಬೂಸು ಇಡುವವರಂತೆ.

ನಾನು ತೆಗೆದುಕೊಳ್ಳಲಿಲ್ಲ. ಹಿಂದೆ ಹಿಂದೆ ನಡೆದು ಹತ್ತು ಹೆಜ್ಜೆ ದೂರ ನಿಂತೆ. "ಎಸೀರಿ ಭಾವ" ಎಂದೆ.

"ಎಂತ ಮರುಳು ಮಾರಾಯ? ಜನ ನೋಡ್ತಾರೆ."

"ಎಸೀರಿ."

"ಪಪ್ಪಾ, ಜಸ್ಟ್ ಥ್ರೋ ಇಟ್!" ಎಂದಳು ಮಗಳು. ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದ ಹುಡುಗಿ!

ಭಾವ ಅಕ್ಕನತ್ತ ನೋಡಿದರು. ಆಮೇಲೆ ನೋಟ್‌ಬುಕ್ಕನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡರು. ತೋಳು ಸೊಂಟದ ಮೇಲೆ ಏಳಲಿಲ್ಲ. ಕೆಳಗಿನಿಂದಲೇ, ಮುಖ ಕಿವುಚಿ, "ಹಿಡಿ!" ಎಂದು ಬೀಸಿದರು. ಅದು ಅರ್ಧ ದಾರಿಗೂ ಬರುವಂತಿರಲಿಲ್ಲ. ನಾನು ಆಫೀಸಿನ ಪ್ಯಾಂಟಿನಲ್ಲೇ ಓಡಿದೆ, ಯಾರದ್ದೋ ಸೂಟ್‌ಕೇಸನ್ನು ತಪ್ಪಿಸಿದೆ, ನುಣುಪು ನೆಲದ ಮೇಲೆ ಮೊಣಕಾಲೂರಿ ಜಾರಿದೆ. ನೋಟ್‌ಬುಕ್ಕು ನೆಲಕ್ಕೆ ಒಂದು ಗೇಣು ಇರುವಾಗ ನನ್ನ ಎರಡು ಅಂಗೈಗಳಲ್ಲಿ ಬಂದು ಕುಳಿತಿತು.

ಭಾವ ಭುಜ ಒತ್ತಿಕೊಳ್ಳುತ್ತ ನನ್ನನ್ನು ನೋಡಿದರು. ಕನ್ನಡದಲ್ಲೇ ಹೇಳಿದರು. "ಒಂಬತ್ತೂವರೆ." ಅಷ್ಟು ಹೇಳಿ ಬಾಗಿಲ ಕಡೆ ತಿರುಗಿದರು, ಮತ್ತೆ ಹಿಂದಿರುಗಿ ನೋಡಲಿಲ್ಲ.

ಫರ್ವಾನಿಯಾಕ್ಕೆ ಮರಳುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ರಬ್ಬರ್ ಬ್ಯಾಂಡು ತೆಗೆದೆ. ಬಿಲ್ಲುಗಾಲಿನವನ ಪುಟಕ್ಕೆ ಹೋಗಲಿಲ್ಲ. ಆ ತೆಳುವಾದ ಪುಟ ತೆರೆದು, ನಾಲ್ಕನೆಯ ಸಾಲಿನ ಕೊನೆಯ ಖಾನೆಯಲ್ಲಿದ್ದ ಸೊನ್ನೆಯನ್ನು ಅಳಿಸಿದೆ. ಅಲ್ಲಿ ಹತ್ತು ಎಂದು ಬರೆದೆ. ಭಾವನಿಗೆ ತಿಳಿದರೆ ಒಪ್ಪುವುದಿಲ್ಲ, ಹತ್ತು ಯಾರಿಗೂ ಇಲ್ಲವೆಂಬುದು ಅವರ ನಿಯಮ. ಆದರೆ ನೋಟ್‌ಬುಕ್ಕು ಈಗ ನನ್ನ ಹತ್ತಿರ ಇದೆ.